ಪ್ರಾಣಿ ನೋಡೋ ಆಸೆ ಇಲ್ಲದಿದ್ರೂ ಮುಂಬೈನ ರಾಣಿ ಬಾಗ್‌ಗೆ ಹೋಗ್ಬೋದಾ?
ಹಾವೇರಿಯಿಂದ ಅಪ್ಪ ಅಮ್ಮ ಬರ್ತಿದಾರೆ, ಪ್ರಾಣಿ ಪಕ್ಷಿ ಅಂದ್ರೆ ಅಷ್ಟಕ್ಕಷ್ಟೇ, ಆದ್ರೂ ಬೈಕುಲ್ಲಾ ಝೂಗೆ (ಅದೇ ರಾಣಿ ಬಾಗ್) ಕರ್ಕೊಂಡು ಹೋಗ್ಲಾ ಅಂತ ಕೇಳಿದೀರಿ. ಧಾರಾಳವಾಗಿ ಹೋಗಿ. ಡೊಂಬಿವಲಿಯಿಂದ ನಾನು ಹೋಗೋದೇ ಮರ ನೋಡೋಕೆ.

ಹಿಂದೆ ಮುಂಬೈ ಕೋಟೆ ಒಳಗೆ ಜನ ಜಾಸ್ತಿಯಾಗಿ ದುಡ್ಡಿದ್ದೋರೆಲ್ಲ ಬೈಕುಲ್ಲಾ, ಮಜಗಾಂವ್ ಕಡೆ ತೋಟದ ಬಂಗಲೆ ಕಟ್ಕೊಂಡಿದ್ರಂತೆ (ಈಗಿನ ಟ್ರಾಫಿಕ್ ನೋಡಿದ್ರೆ ಯಾರು ನಂಬ್ತಾರೆ), ಆ ಕಾಲದ ಮೌಂಟ್ ಎಸ್ಟೇಟ್ ಜಾಗದಲ್ಲೇ 1862ರಲ್ಲಿ ವಿಕ್ಟೋರಿಯಾ ಗಾರ್ಡನ್ಸ್ ಓಪನ್ ಆಗಿದ್ದು. ಅದಕ್ಕೂ ಮುಂಚೆ ಸಸ್ಯತೋಟ ಶಿವಡಿಯಲ್ಲಿತ್ತು, ಆ ಜಾಗ ಸ್ಮಶಾನಕ್ಕೆ ಹೋಯ್ತು. ಈಗ ಬೋರ್ಡಲ್ಲಿ ವೀರಮಾತಾ ಜಿಜಾಬಾಯಿ ಭೋಸಲೆ ಉದ್ಯಾನ ಅಂತಿದೆ, ಟ್ಯಾಕ್ಸಿಯವರಿಗೆ ರಾಣಿ ಬಾಗ್ ಅಂದ್ರೆ ಸಾಕು.

ಒಳಗೆ ಹೋದ ತಕ್ಷಣ ಎಲ್ರೂ ಪೆಂಗ್ವಿನ್ ಕಡೆ ಓಡ್ತಾರೆ, ಓಡ್ಲಿ ಬಿಡಿ. ನೀವು ನಿಧಾನಕ್ಕೆ ಮರಗಳ ಕೆಳಗೆ ನಡೀರಿ. ನಿಮ್ಮ ಸವಣೂರಿನ ದೊಡ್ಡ ಹುಣಸೆ ಮರ (ಬಾವೋಬಾಬ್, ನಮ್ಮ ಹುಳಿ ಹುಣಸೆ ಅಲ್ಲ) ಇದ್ಯಲ್ಲ, ಅದೇ ಜಾತಿದು ಇಲ್ಲೂ ಇದೆ, ಮರಾಠಿಯವರು ಗೋರಖ್ ಚಿಂಚ್ ಅಂತಾರೆ, ಅಪ್ಪನಿಗೆ ತೋರಿಸಿ, ಊರಿನ ಮಾತು ಶುರುವಾದ್ರೆ ಅಲ್ಲೇ ಅರ್ಧ ಗಂಟೆ ಹೋಗುತ್ತೆ. ನಾಗಲಿಂಗ ಪುಷ್ಪದ ಮರನೂ ಇದೆ, ಹೂವು ಕಾಂಡಕ್ಕೇ ಅಂಟ್ಕೊಂಡು ಬಿಡುತ್ತೆ, ತಲೆ ಎತ್ತಿ ಹುಡುಕೋದೇ ಬೇಡ.

ಇನ್ನೊಂದು ಮಜಾ ಅಂದ್ರೆ, ಕಾಲಾ ಘೋಡಾ ಅನ್ನೋ ಏರಿಯಾಗೆ ಆ ಹೆಸರು ತಂದ ಅಸಲಿ ಕಪ್ಪು ಕುದುರೆ ಪ್ರತಿಮೆ, ಮೇಲೆ ಏಳನೇ ಎಡ್ವರ್ಡ್ ಕೂತಿರೋದು, 1965ರಲ್ಲಿ ಇಲ್ಲಿಗೆ ಬಂದುಬಿಟ್ಟಿದೆ. ಎಲಿಫೆಂಟಾ ದ್ವೀಪಕ್ಕೆ ಹೆಸರು ಕೊಟ್ಟ ಕಲ್ಲಾನೆ ಕೂಡ ಇಲ್ಲೇ, ಮ್ಯೂಸಿಯಂ ಹತ್ರ. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸೋಕೆ ಎತ್ತುವಾಗ ಬಿದ್ದು ಚೂರಾಯ್ತು, 1914ರಲ್ಲಿ ತುಂಡು ಜೋಡಿಸಿ ನಿಲ್ಲಿಸಿದ್ರು. ಒಡೆದಿದ್ದಕ್ಕೇ ನಮ್ಮಲ್ಲಿ ಉಳೀತು ಅನ್ನಿ!

ಭಾವು ದಾಜಿ ಲಾಡ್ ಮ್ಯೂಸಿಯಂ 1872ರದ್ದು, ಕಾಂಪೌಂಡಿಗೇ ಹೊಂದ್ಕೊಂಡಿದೆ, ಟಿಕೆಟ್ ಬೇರೆ. ಹಳೇ ಬೊಂಬಾಯಿಯ ಮಣ್ಣಿನ ಬೊಂಬೆ, ಮಾದರಿಗಳು ಅಮ್ಮನಿಗೆ ಇಷ್ಟ ಆಗ್ಬೋದು.

ಬುಧವಾರ ರಜಾ, ಭಾನುವಾರ ಜಾತ್ರೆ, ಎರಡೂ ಬಿಟ್ಟು ಬೆಳಿಗ್ಗೆನೇ ಹೋಗಿ. ಬೈಕುಲ್ಲಾ ಈಸ್ಟ್ ಕಡೆ ಇಳಿದ್ರೆ ನಡೆಯೋಷ್ಟೇ ದೂರ, ಅಮ್ಮನಿಗೆ ಮಂಡಿ ನೋವಿದ್ರೆ ಟ್ಯಾಕ್ಸಿ ಹಿಡೀರಿ, ಒಳಗೆ ಹೇಗೂ ನಡೆಯೋದಿರುತ್ತೆ.