ರೋಗಿ ಹೇಳಿದ ‘ಸಂಕಟ’ವನ್ನು ಚಾರ್ಟಿನಲ್ಲಿ ಹೇಗೆ ಬರೆಯಬೇಕು?

ಪ್ರಶ್ನೆ: ನಾನು ಬದಿಯಡ್ಕದ ಕಡೆಯವಳು. ಮಂಗಳೂರಿನಲ್ಲಿ ನರ್ಸಿಂಗ್ ಕಲಿತು ಎರಡು ವರ್ಷದಿಂದ ಕಾಸರಗೋಡಿನ ಆಸ್ಪತ್ರೆಯೊಂದರಲ್ಲಿದ್ದೇನೆ. ಕಳೆದ ತಿಂಗಳು ರಾತ್ರಿ ಪಾಳಿಯಲ್ಲಿ, ಸಕ್ಕರೆ ಕಾಯಿಲೆಯಿರುವ ವಯಸ್ಸಾದ ಅಮ್ಮ ಒಬ್ಬರು ‘ಒಂದು ನಮೂನೆ ಸಂಕಟ ಆಗುತ್ತದೆ’ ಎಂದರು. ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿದೆ, ಇಸಿಜಿ ತೆಗೆದೆವು, ಅದರಲ್ಲಿ ಏನೂ ಕಾಣಲಿಲ್ಲ. ‘ರೋಗಿಗೆ ಅಸ್ವಸ್ಥತೆ, ಡಾಕ್ಟರಿಗೆ ತಿಳಿಸಲಾಗಿದೆ’ ಎಂದು ಇಂಗ್ಲಿಷಿನಲ್ಲಿ ಬರೆದು ಬೆಳಿಗ್ಗೆ ಮನೆಗೆ ಹೋದೆ. ಅವರು ಮತ್ತೆ ಸಂಕಟವೆಂದಾಗ, ಮಲಯಾಳ ಮನೆಮಾತಿನ ಸಹೋದ್ಯೋಗಿ ಅವರು ದುಃಖದಲ್ಲಿದ್ದಾರೆಂದು ತಿಳಿದು ಸಮಾಧಾನ ಹೇಳಿದರಂತೆ. ರೌಂಡ್ಸಿಗೆ ಬಂದ ಡಾಕ್ಟರು ಎರಡನೆಯ ಇಸಿಜಿ ಮಾಡಿಸಿದಾಗ ಹೃದಯಾಘಾತವೆಂದು ಗೊತ್ತಾಯಿತು. ಅಮ್ಮ ಉಳಿದರು. ಆದರೆ ‘ಶುರುವಾದದ್ದು ಯಾವಾಗ’ ಎಂಬುದಕ್ಕೆ ಚಾರ್ಟಿನಲ್ಲಿ ಉತ್ತರವಿರಲಿಲ್ಲ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ. ಏನು ಬರೆಯಬೇಕಿತ್ತು? ಆ ಪುಟವನ್ನು ಈಗ ತಿದ್ದಬಹುದೇ?

ಉತ್ತರ: ತಂಗಿ, ನೀವು ಮಾಡಬೇಕಾದ ಕೆಲಸವನ್ನೆಲ್ಲ ಮಾಡಿದ್ದೀರಿ. ಅದು ಪುಟಕ್ಕೆ ಇಳಿಯಲಿಲ್ಲ, ಅಷ್ಟೇ. ಆದರೆ ಆ ‘ಅಷ್ಟೇ’ಯಲ್ಲಿ ಒಂದು ಜೀವ ತೂಗಾಡಿತು.

ಸಹೋದ್ಯೋಗಿಯನ್ನು ದೂರಬೇಡಿ. ಮಲಯಾಳದಲ್ಲಿ ‘ಸಂಕಟಂ’ ಎಂದರೆ ದುಃಖವೇ. ನಮ್ಮ ಕನ್ನಡದ ಅಮ್ಮಂದಿರು ಎದೆ ಹಿಂಡಿದರೂ ಹೊಟ್ಟೆ ತೊಳಸಿದರೂ ಸಂಕಟವೆನ್ನುತ್ತಾರೆ. ಇದು ಎರಡೂ ಕಡೆಯಿಂದ ಆಗುವಂಥದ್ದು. ಮಲಯಾಳದ ರೋಗಿ ‘ಕ್ಷೀಣಂ’ ಎಂದರೆ ದಣಿವಾಗಿದೆ ಎಂದರ್ಥ. ನಾವು ಕನ್ನಡದ ಕಿವಿಯಲ್ಲಿ ಕೇಳಿ ಸ್ಥಿತಿ ಕ್ಷೀಣಿಸಿದೆ ಎಂದು ಬರೆದುಬಿಟ್ಟೇವು. ತುಳು, ಕೊಂಕಣಿ, ಬ್ಯಾರಿ, ಮರಾಠಿ ಎಲ್ಲ ಒಂದೇ ವಾರ್ಡಿನಲ್ಲಿ ಮಲಗುವ ಊರಿದು. ಹಾಗಾಗಿ ರೋಗಿಯ ಮಾತನ್ನು ಅವರ ಬಾಯಿಂದ ಬಂದಂತೆಯೇ ಉದ್ಧರಣ ಚಿಹ್ನೆಯೊಳಗೆ, ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ. ಅದರ ಅರ್ಥವನ್ನು ಪಕ್ಕದಲ್ಲಿ ಬರೆಯಿರಿ. ‘ಅಸ್ವಸ್ಥತೆ’ ಎಂಬುದು ನಿಮ್ಮ ತೀರ್ಮಾನ, ಅಮ್ಮನ ಮಾತಲ್ಲ.

ಮಧುಮೇಹಿಗಳಲ್ಲಿ, ವಯಸ್ಸಾದವರಲ್ಲಿ, ಹೆಂಗಸರಲ್ಲಿ ಹೃದಯಾಘಾತವು ಎದೆನೋವಿಲ್ಲದೆ ಬರಿಯ ಸಂಕಟ, ಬೆವರು, ಸುಸ್ತಾಗಿ ಬರುವುದುಂಟು. ಮೊದಲ ಇಸಿಜಿ ಸರಿಯಾಗಿದ್ದ ಮಾತ್ರಕ್ಕೆ ಅಪಾಯವಿಲ್ಲವೆಂದೂ ಅಲ್ಲ. ತೊಂದರೆ ಮುಂದುವರಿದರೆ ಮತ್ತೆ ತೆಗೆಯಬೇಕಾಗುತ್ತದೆ. ಅದಕ್ಕಾಗಿಯೇ ಗಂಟೆ, ನಿಮಿಷ ಮುಖ್ಯ. ನಿಮ್ಮ ಟಿಪ್ಪಣಿ ಹೀಗಿದ್ದರೆ ಸಾಕಿತ್ತು (ಇಂಗ್ಲಿಷಿನಲ್ಲಿ ಬರೆಯಬೇಕಾದದ್ದನ್ನು ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ, ಅಂಕಿಗಳು ಉದಾಹರಣೆಗೆ ಮಾತ್ರ):

02.10 – ರೋಗಿ ಕನ್ನಡದಲ್ಲಿ: ‘ಒಂದು ನಮೂನೆ ಸಂಕಟ ಆಗುತ್ತದೆ.’ ಕೇಳಿದಾಗ ಎದೆಯ ನಡುವೆ ಕೈಯಿಟ್ಟು ತೋರಿಸಿದರು. ಹಣೆ ಬೆವರಿದೆ. ಬಿಪಿ 100/60, ನಾಡಿ 104.
02.15 – ಡ್ಯೂಟಿ ಡಾಕ್ಟರಿಗೆ ಫೋನ್, ಇಸಿಜಿಗೆ ಸೂಚನೆ.
02.25 – ಇಸಿಜಿ ತೆಗೆದು ಡಾಕ್ಟರಿಗೆ ತೋರಿಸಲಾಯಿತು.
02.45 – ಸಂಕಟ ಕಡಿಮೆಯಾಗಿಲ್ಲ ಎನ್ನುತ್ತಾರೆ. ಮತ್ತೆ ತಿಳಿಸಲಾಯಿತು.

ಇದಕ್ಕೆ ಯಾವ ದೊಡ್ಡ ಇಂಗ್ಲಿಷ್ ಬೇಕು? ನಾಲ್ಕಾರು ಪದದ ವಾಕ್ಯಗಳು. ಕಂಡದ್ದು, ಕೇಳಿದ್ದು, ಮಾಡಿದ್ದು, ಆಮೇಲೆ ಏನಾಯಿತು ಎಂಬುದು. ಈ ಕೊನೆಯದನ್ನೇ ನಾವು ಹೆಚ್ಚಾಗಿ ಮರೆಯುವುದು. ರೋಗಿಯನ್ನು ತಲಪಾಡಿ ಗಡಿ ದಾಟಿಸಿ ಮಂಗಳೂರಿಗೆ ಕಳುಹಿಸಬೇಕಾಗಿ ಬಂದರೂ ಅಲ್ಲಿಯ ಡಾಕ್ಟರಿಗೆ ಮೊದಲು ಬೇಕಾಗುವುದು ಆ 02.10.

ಫೋನಿನಲ್ಲಿ ಬಂದ ಸೂಚನೆಯನ್ನು ಬರೆದುಕೊಂಡು ಡಾಕ್ಟರಿಗೇ ಓದಿ ಹೇಳಿ, ಹೌದೆನಿಸಿಕೊಳ್ಳಿ. ‘ಫಿಫ್ಟೀನ್’, ‘ಫಿಫ್ಟಿ’ ಕಿವಿಗೆ ಒಂದೇ ರೀತಿ ಕೇಳುತ್ತವೆ. ‘ಒನ್ ಫೈವ್’ ಎಂದು ಬಿಡಿಸಿ ಕೇಳಿ. ಇನ್ಸುಲಿನ್ ಬರೆಯುವಾಗ ‘ಯುನಿಟ್’ ಎಂದು ಪೂರ್ತಿ ಬರೆಯಿರಿ. ಬರಿಯ ‘ಯು’ ಅಕ್ಷರ ಸೊನ್ನೆಯಂತೆ ಕಂಡು 10 ಯುನಿಟ್ 100 ಆಗುವ ಅಪಾಯವಿದೆ.

ಪಾಳಿ ಒಪ್ಪಿಸುವುದನ್ನು ಮಾತ್ರ ಮೇಜಿನ ಬಳಿ ಮುಗಿಸಬೇಡಿ, ಹಾಸಿಗೆಯ ಪಕ್ಕದಲ್ಲಿ ಮಾಡಿ. ನೀವು ಕಲಿತಿರಬಹುದಾದ ‘ಎಸ್‌ಬಿಎಆರ್’ ಕ್ರಮ ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದದ್ದು: ಈಗಿನ ಸ್ಥಿತಿ, ಹಿನ್ನೆಲೆ, ನಿಮ್ಮ ಅಂದಾಜು, ಏನಾಗಬೇಕು. ‘ಇವರು ಸಂಕಟವೆಂದರೆ ಎದೆಯದ್ದು, ದುಃಖದ್ದಲ್ಲ, ಮತ್ತೆ ಹೇಳಿದರೆ ತಕ್ಷಣ ಇಸಿಜಿಗೆ ಡಾಕ್ಟರನ್ನು ಕರೆಯಿರಿ’ ಎಂಬ ಒಂದು ಮಾತನ್ನು ಅಂದು ಬೆಳಿಗ್ಗೆ ನೀವು ಹೇಳಿದ್ದರೆ ನಿಮ್ಮ ಸಹೋದ್ಯೋಗಿಯೂ ಈಗ ಇಷ್ಟು ನೊಂದುಕೊಳ್ಳಬೇಕಾಗುತ್ತಿರಲಿಲ್ಲ.

ಇನ್ನು ತಿದ್ದುವ ವಿಷಯ. ಆ ಪುಟವನ್ನು ದಯವಿಟ್ಟು ಮುಟ್ಟಬೇಡಿ. ಬರೆಯುವಾಗಲೇ ಆದ ತಪ್ಪನ್ನು ಓದಲು ಬರುವಂತೆ ಒಂದೇ ಗೆರೆ ಹೊಡೆದು, ಸಹಿ, ದಿನಾಂಕ, ಸಮಯ ಹಾಕಿ ಸರಿಪಡಿಸಬಹುದು. ಬಿಳಿ ಬಣ್ಣ ಬಳಿಯುವುದು, ಪುಟ ಬದಲಿಸುವುದು ಎಂದಿಗೂ ಕೂಡದು. ಬಿಟ್ಟುಹೋದದ್ದು ಅದೇ ಪಾಳಿಯಲ್ಲಿ ನೆನಪಾದರೆ ‘ಲೇಟ್ ಎಂಟ್ರಿ’ ಎಂದು, ಬರೆಯುತ್ತಿರುವ ಸಮಯವನ್ನೂ ಘಟನೆಯ ಸಮಯವನ್ನೂ ಸೇರಿಸಿ ಬರೆಯಬೇಕು. ಒಂದು ತಿಂಗಳಾದ ಮೇಲೆ ಚಾರ್ಟಿಗೆ ಸೇರಿಸಿದರೆ ಪ್ರಾಮಾಣಿಕ ಮಾತೂ ಸುಳ್ಳಿನಂತೆ ಕಾಣುತ್ತದೆ. ಒಳರೋಗಿಗಳ ದಾಖಲೆಯನ್ನು ಮೂರು ವರ್ಷ ಇಡಬೇಕು, ರೋಗಿಯೋ ಅವರು ಒಪ್ಪಿಗೆ ಕೊಟ್ಟವರೋ ಕಾನೂನಿನ ಅಧಿಕಾರಿಗಳೋ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯಕೀಯ ಮಂಡಳಿಯ 2002ರ ನಿಯಮ ವೈದ್ಯರಿಗೆ ಹೇಳುತ್ತದೆ. ಆ ಪುಟ ನಾಳೆ ಅವರಲ್ಲಿ ಯಾರ ಕೈಗೂ ಹೋಗಬಹುದು. ನೆನಪಿರುವುದನ್ನೆಲ್ಲ ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಘಟನಾ ವರದಿಯಾಗಿ ಇಂದಿನ ದಿನಾಂಕ ಹಾಕಿ ಬರೆದುಕೊಡಿ.

ಜೊತೆಗೆ ನಿಮ್ಮ ಸಹೋದ್ಯೋಗಿಯನ್ನು ಕೂರಿಸಿಕೊಂಡು, ರೋಗಿಗಳು ಆಡುವ ಮಾತುಗಳ ಪಟ್ಟಿಯೊಂದನ್ನು ಮಾಡಿ ನರ್ಸ್ ಸ್ಟೇಷನ್ನಿನ ಗೋಡೆಗೆ ಅಂಟಿಸಿ: ಒಂದು ಕಡೆ ಕನ್ನಡ, ತುಳು, ಇನ್ನೊಂದು ಕಡೆ ಮಲಯಾಳ. ಮೊದಲ ಸಾಲಿನಲ್ಲಿ ‘ಸಂಕಟ’ ಬರೆಯಿರಿ, ಎರಡನೆಯದನ್ನು ಅವರೇ ಬರೆಯಲಿ.