ಅಟ್ಲಾಸಿನಲ್ಲಿ ಸಿಗದ ನದಿ

ಓದುಗರ ಪತ್ರ: ‘ಸ್ಪೇನ್ ಪಾದ್ರಿಗಳ 1776ರ ಮರುಭೂಮಿ ಪಯಣದ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನದ ಜೊತೆ ಹಳೆಯ ನಕ್ಷೆಯೊಂದಿತ್ತು. ಅದರಲ್ಲಿ ದೊಡ್ಡ ಸರೋವರ ಸೇರುವ ಸಾನ್ ಬ್ಯೂನವೆಂಚುರಾ ನದಿಯನ್ನು ಮಗಳ ಅಟ್ಲಾಸಿನಲ್ಲಿ ಹುಡುಕಿದೆ, ಸಿಗಲಿಲ್ಲ. ಪಾದ್ರಿಗಳು ಸುಳ್ಳು ಬರೆದರೇ? ಗುರಿ ಮುಟ್ಟದೆ ಅರ್ಧದಲ್ಲೇ ಹಿಂತಿರುಗಿದವರಿಗೆ ಅಷ್ಟು ಪುಟ ಬೇಕಿತ್ತೇ?’ – ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ: ನಿಮ್ಮ ಮಗಳ ಅಟ್ಲಾಸ್ ಸರಿಯಾಗಿಯೇ ಇದೆ. ನಕ್ಷೆಯಲ್ಲಿರುವಂಥ ನದಿ ಅಲ್ಲಿ ಎಂದೂ ಹರಿದಿರಲಿಲ್ಲ. ನಕ್ಷೆಯ ಅಡಿಯಲ್ಲಿ ಇದನ್ನು ಹೇಳದೆ ಅಚ್ಚು ಹಾಕಿದ್ದು ನಮ್ಮ ತಪ್ಪು, ಕ್ಷಮಿಸಿ. ಆದರೆ ಪಾದ್ರಿಗಳು ಸುಳ್ಳುಗಾರರು ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ.

ಡೊಮಿಂಗೆಸ್ ಮತ್ತು ಎಸ್ಕಲಾಂತೆ ಎಂಬ ಇಬ್ಬರು ಫ್ರಾನ್ಸಿಸ್ಕನ್ ಪಾದ್ರಿಗಳು 1776ರ ಜುಲೈ 29ರಂದು, ಇಂದಿನ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿರುವ ಸಾಂತಾ ಫೆಯಿಂದ ಹೊರಟರು. ಕ್ಯಾಲಿಫೋರ್ನಿಯಾದ ಮಾಂಟೆರೆಗೆ ದಾರಿ ಹುಡುಕುವುದು ಅವರ ಕೆಲಸ. ಒಟ್ಟು ಹತ್ತು ಜನ. ಅವರಲ್ಲಿ ನಕ್ಷೆ ಬರೆಯಬಲ್ಲ ಮಿಯೆರಾ ಎಂಬವನೂ ಒಬ್ಬ. ಸೆಪ್ಟೆಂಬರ್ ನಡುವಿನಲ್ಲಿ ಇಂದಿನ ಗ್ರೀನ್ ನದಿಯನ್ನು ದಾಟಿ, ಅದಕ್ಕೆ ಸಾನ್ ಬ್ಯೂನವೆಂಚುರಾ ಎಂದು ಹೆಸರಿಟ್ಟರು. ಅದೇ ತಿಂಗಳ ಕೊನೆಗೆ ಯೂಟಾದ ಇನ್ನೊಂದು ಕಣಿವೆಯಲ್ಲಿ ಸೆವಿಯರ್ ನದಿ ಎದುರಾಯಿತು. ಸ್ಥಳೀಯರು ಹೇಳಿದ ಹೆಸರನ್ನು ಕೇಳಿದರೆ ಹಿಂದೆ ದಾಟಿದ ನದಿಯೇ ಇದು ಅನ್ನಿಸುತ್ತಿತ್ತು. ಆಗ ದಿನಚರಿಯಲ್ಲಿ ದಾಖಲಾದದ್ದೇನು ಗೊತ್ತೇ? ಹೆಸರಿನಿಂದ ಅದೇ ನದಿ ಎಂದು ತೋರುತ್ತದೆ, ಆದರೆ ನಮಗೆ ಅನುಮಾನವಿದೆ. ನಾವು ದಾಟಿದ ಕಡೆ ಇದಕ್ಕಿಂತ ಎಷ್ಟೋ ಹೆಚ್ಚು ನೀರಿತ್ತು. ದಾರಿಯಲ್ಲಿ ಬೇರೆ ಹೊಳೆಗಳು ಕೂಡಿಕೊಂಡ ಮೇಲೆ ನದಿ ತುಂಬಬೇಕೇ ಹೊರತು ಸೊರಗಬಾರದಲ್ಲ! ತುಂಗೆಯೂ ಭದ್ರೆಯೂ ಕೂಡುವುದನ್ನು ಕಂಡ ನಿಮ್ಮ ಸೀಮೆಯ ಯಾವ ರೈತನೂ ಹೀಗೆಯೇ ಯೋಚಿಸುತ್ತಾನೆ.

ಮಿಯೆರಾ ಮಾತ್ರ ಎರಡೂ ನದಿಗಳನ್ನು ಒಂದೇ ಗೆರೆಯಲ್ಲಿ ಜೋಡಿಸಿ, ಅದು ಕೊನೆಗೊಳ್ಳುವ ಸರೋವರಕ್ಕೆ ತನ್ನ ಹೆಸರನ್ನೇ ಕೊಟ್ಟ. ಅನುಮಾನ ದಿನಚರಿಯಲ್ಲೇ ಉಳಿಯಿತು, ಗೆರೆ ಊರೂರು ಸುತ್ತಿತು. ಹುಂಬೋಲ್ಟ್‌ನಂಥ ವಿದ್ವಾಂಸನೂ ಮಿಯೆರಾನ ವಿವರಗಳನ್ನು ತನ್ನ ನಕ್ಷೆಗೆ ತೆಗೆದುಕೊಂಡ. ನಂತರದ ನಕ್ಷೆಗಾರರು ಸರೋವರದ ಪಶ್ಚಿಮಕ್ಕೂ ನೀರು ಹರಿಸಿ, ಅದನ್ನು ಪೆಸಿಫಿಕ್ ಸಾಗರಕ್ಕೆ ಮುಟ್ಟಿಸಿಬಿಟ್ಟರು. ಹುಟ್ಟಿದ ನದಿ ಕಡಲು ಸೇರಲೇಬೇಕು ಎಂಬ ನಂಬಿಕೆ ನಮ್ಮಲ್ಲಿರುವಷ್ಟೇ ಗಟ್ಟಿಯಾಗಿ ಅವರಲ್ಲೂ ಇತ್ತು.

ಹಿಂತಿರುಗಿದ್ದರ ಬಗ್ಗೆ ಕೇಳಿದ್ದೀರಿ. ಅಕ್ಟೋಬರ್ ಆರಂಭದಲ್ಲೇ ಹಿಮ ಬಿದ್ದಿತು. ಅದೇ ದಿನಗಳಲ್ಲಿ, ಜಪಮಾಲೆಯ ಪ್ರಾರ್ಥನೆಗೆ ಆಳು ಬರಲಿಲ್ಲವೆಂದು ತಂಡದಲ್ಲೇ ಕೈಕೈ ಮಿಲಾಯಿಸುವ ಜಗಳವಾಯಿತು. ಅದನ್ನು ಕಂಡ ಸ್ಥಳೀಯ ಮಾರ್ಗದರ್ಶಿ ಒಂದು ಮಾತೂ ಹೇಳದೆ ಹೊರಟುಹೋದ. ಮಾಂಟೆರೆಗೆ ಮುಂದುವರಿಯುವುದೋ ಹಿಂತಿರುಗುವುದೋ ಎಂದು ಅಕ್ಟೋಬರ್ 11ರಂದು ಚೀಟಿ ಎತ್ತಿದರು, ಹಿಂತಿರುಗುವ ದಾರಿಯ ಚೀಟಿ ಬಂತು. ಮುಂದಿನ ದಿನಗಳಲ್ಲಿ ಹೊಟ್ಟೆಗಿಲ್ಲದೆ ಕುದುರೆಗಳನ್ನೇ ಕೊಂದು ತಿಂದರು, ಪಾಪಾಸುಕಳ್ಳಿ ಸುಟ್ಟು ತಿಂದರು. ಕೊಲರಾಡೊ ನದಿಯ ದಂಡೆ ಮುಟ್ಟಿದ ಮೇಲೆ ದಾಟುವ ಜಾಗ ಸಿಗಲು ಹತ್ತು ದಿನಗಳಿಗೂ ಹೆಚ್ಚು ಹಿಡಿಯಿತು. ನವೆಂಬರ್ 7ರಂದು, ಪ್ರಾಣಿಗಳು ಕಾಲಿಡಲಾರದ ಒಂದು ಬಂಡೆಯ ಮೇಲೆ ಸುಮಾರು ಎರಡೂವರೆ ಮೀಟರ್ ಉದ್ದಕ್ಕೆ ಕೊಡಲಿಯಿಂದ ಮೆಟ್ಟಿಲು ಕಡಿದು ಅವುಗಳನ್ನು ಇಳಿಸಿದರು. ಆ ಜಾಗ ಈಗ ಪವೆಲ್ ಜಲಾಶಯದಲ್ಲಿ ಮುಳುಗಿದೆ. 1777ರ ಜನವರಿ 2ರಂದು ಊರು ಸೇರಿದರು. ಇಷ್ಟನ್ನು ಹೇಳಲು ಪುಟಗಳು ಬೇಕಿತ್ತು ಎಂದೇ ನನಗೆ ಈಗಲೂ ಅನ್ನಿಸುತ್ತದೆ.

ಇನ್ನು ಆ ಗೆರೆಯ ಕಥೆ. ಬೇಟೆಗಾರರು, ವ್ಯಾಪಾರಿಗಳು ನಡುವೆ ಓಡಾಡಿದರೂ ಬ್ಯೂನವೆಂಚುರಾ ನಕ್ಷೆಗಳಿಂದ ಸುಲಭಕ್ಕೆ ಅಳಿಯಲಿಲ್ಲ. 1843ರಲ್ಲಿ ಅಮೆರಿಕ ಸರ್ಕಾರದ ಖರ್ಚಿನಲ್ಲಿ ಹೊರಟ ಸೇನಾಧಿಕಾರಿ ಜಾನ್ ಫ್ರೆಮಾಂಟ್ ಕೂಡ ಅದನ್ನು ಹುಡುಕುತ್ತಲೇ ಇದ್ದ. 1844ರ ಜನವರಿಯಲ್ಲಿ ಅವನು ನೆವಾಡದ ಪಿರಮಿಡ್ ಸರೋವರಕ್ಕೆ ಬಂದ. ಅಲ್ಲಿನ ಪಾಯೂಟ್ ಜನ ದೊಡ್ಡ ದೊಡ್ಡ ಟ್ರೌಟ್ ಮೀನು ತಂದುಕೊಟ್ಟರು. ಸರೋವರ ಸೇರುವ ನದಿ ಎಲ್ಲಿಂದ ಬರುತ್ತದೆ ಎಂಬುದನ್ನು ಅವರು ನೆಲದ ಮೇಲೆಯೇ ಬರೆದು ತೋರಿಸಿದರು: ಮೂರು-ನಾಲ್ಕು ದಿನಗಳ ದಾರಿಯಾಚೆ ಬೆಟ್ಟದಲ್ಲಿ ಇನ್ನೊಂದು ಸರೋವರ, ಅದರಾಚೆ ಒಂದು ಪರ್ವತ, ಪರ್ವತದಾಚೆ ಎರಡು ನದಿಗಳು. ಇಂದಿನ ಟಾಹೋ ಸರೋವರ, ಸಿಯೆರಾ ನೆವಾಡ ಪರ್ವತ, ಕ್ಯಾಲಿಫೋರ್ನಿಯಾದ ನದಿಗಳು ಎಲ್ಲವೂ ಅದರಲ್ಲಿದ್ದವು. ಪರ್ವತವನ್ನು ಸೀಳಿ ಕಡಲಿಗೆ ಹೋಗುವ ನದಿ ಅದರಲ್ಲಿರಲಿಲ್ಲ.

ಫ್ರೆಮಾಂಟ್ ಚಳಿಗಾಲದಲ್ಲೇ ಆ ಪರ್ವತ ಏರಿದ. ಹೊರಟಾಗ 67 ಕುದುರೆ, ಹೇಸರಗತ್ತೆಗಳಿದ್ದವು, ಕೆಳಗಿಳಿದದ್ದು 33. ನೀರು ಹೊರಗೆ ಹರಿಯದ ಆ ನಾಡಿಗೆ ‘ಗ್ರೇಟ್ ಬೇಸಿನ್’ ಎಂದು ಹೆಸರಿಟ್ಟವನು ಅವನೇ. ಎರಡೂವರೆ ಕರ್ನಾಟಕಕ್ಕೂ ಮಿಗಿಲಾದ ಆ ವಿಸ್ತಾರದಲ್ಲಿ ಬಿದ್ದ ಮಳೆ ಸರೋವರಗಳಲ್ಲಿ, ಉಪ್ಪು ಬಯಲುಗಳಲ್ಲಿ ಇಂಗಿ ಆರಿಹೋಗುತ್ತದೆ. ಮಿಯೆರಾ ತನ್ನ ಹೆಸರಿಟ್ಟ ಸೆವಿಯರ್ ಸರೋವರವೂ ಈಗ ಹೆಚ್ಚಿನ ಕಾಲ ಒಣಗಿಯೇ ಇರುತ್ತದೆ.

ಮುಂದಿನ ಸಂಚಿಕೆಯಲ್ಲಿ ಆ ನಕ್ಷೆಯನ್ನು ಮತ್ತೆ ಅಚ್ಚು ಹಾಕುತ್ತೇವೆ. ಪಾದ್ರಿಗಳು ಅನುಮಾನಪಟ್ಟ ಸಾಲುಗಳೂ ಪಾಯೂಟರು ನೆಲದ ಮೇಲೆ ಬರೆದ ಚಿತ್ರದ ವಿವರವೂ ಅದರ ಪಕ್ಕದಲ್ಲೇ ಇರುತ್ತವೆ. ಮಗಳಿಗೂ ತೋರಿಸಿ.