ಗಿಡದ ಮಾತು: ಚುಕ್ಕೆ ಎಲೆ ಮೇಲೆ, ಕಾರಣ ನೀರಿನಲ್ಲಿ

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಹಾಸನದ ಕಡೆಯವನು, ಈಗ ಕೆನಡಾದ ಮಿಸಿಸಾಗಾದಲ್ಲಿದ್ದೇನೆ. ಇಲ್ಲಿ ಮನೆಯಲ್ಲಿ ಗಾಂಜಾ ಗಿಡ ಬೆಳೆಸಲು ಕಾನೂನಿನ ಅಡ್ಡಿ ಇಲ್ಲ. ಬೇಸ್‌ಮೆಂಟಿನಲ್ಲಿ ಟೆಂಟ್ ಹಾಕಿ, ಎಲ್‌ಇಡಿ ದೀಪದ ಕೆಳಗೆ ಎರಡು ಗಿಡ ಇಟ್ಟಿದ್ದೇನೆ. ಕುಂಡದಲ್ಲಿರುವುದು ಬರೀ ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ. ಆರ್‌ಒ ಫಿಲ್ಟರ್ ನೀರಿನಲ್ಲಿ ಗೊಬ್ಬರ ಕರಗಿಸಿ ಕೊಡುತ್ತೇನೆ. ಹೂವಿನ ಹಂತ ಶುರುವಾಗಿ ಐದನೇ ವಾರ. ಮೂರನೇ ವಾರದಿಂದ ‘ಬ್ಲೂಮ್ ಬೂಸ್ಟರ್’ ಕೂಡ ಹಾಕುತ್ತಿದ್ದೇನೆ. ಈಗ ನಡುವಿನ ಮತ್ತು ಮೇಲಿನ ಎಲೆಗಳಲ್ಲಿ ತುಕ್ಕು ಬಣ್ಣದ ಚುಕ್ಕೆಗಳು ಬಂದಿವೆ. ಕೆಳಗಿನ ಎಲೆಗಳು ಚೆನ್ನಾಗಿವೆ. ಗೆಳೆಯರೊಬ್ಬರು ಇದು ಫಂಗಸ್, ಗುಲಾಬಿಗೆ ಹೊಡೆಯುವ ಮೈಕ್ಲೊಬ್ಯುಟಾನಿಲ್ ಹೊಡೆಯಿರಿ ಅಂತಿದ್ದಾರೆ. ಫೋಟೊ ಕಳಿಸಿದ್ದೇನೆ. ಏನು ಮಾಡಲಿ?
— ಹೆಸರು ಬೇಡ, ಮಿಸಿಸಾಗಾ

ಉತ್ತರ: ಮೊದಲು ಆ ಔಷಧಿಯನ್ನು ದೂರ ಇಡಿ. ಉಳಿದದ್ದೆಲ್ಲ ಆಮೇಲೆ.

ಮೈಕ್ಲೊಬ್ಯುಟಾನಿಲ್ ನಮ್ಮ ದ್ರಾಕ್ಷಿ ಬೆಳೆಗಾರರಿಗೆ ಗೊತ್ತಿರುವ ಹೆಸರೇ. ಬೂದಿ ರೋಗಕ್ಕೆ ಹೊಡೆಯುತ್ತಾರೆ. ದ್ರಾಕ್ಷಿಯನ್ನು ಯಾರೂ ಸುಟ್ಟು ಹೊಗೆ ಎಳೆಯುವುದಿಲ್ಲ. ಈ ಗಿಡದ ಹೂವನ್ನು ಸುಡುತ್ತಾರೆ. ಮೈಕ್ಲೊಬ್ಯುಟಾನಿಲ್ ಬಿಸಿಯಾದಾಗ ಹೈಡ್ರೋಜನ್ ಸಯನೈಡ್ ಅನ್ನುವ ವಿಷದ ಅನಿಲ ಹೊರಬರುತ್ತದೆ. ನಿಮ್ಮ ಕೆನಡಾದಲ್ಲೇ ಲೈಸೆನ್ಸ್ ಇದ್ದ ಬೆಳೆಗಾರರ ಮಾಲಿನಲ್ಲಿ ಇದರ ಅಂಶ ಸಿಕ್ಕಿ, ಮಾರಿದ್ದನ್ನು ವಾಪಸ್ ತರಿಸಿಕೊಂಡಿದ್ದಾರೆ. ಹೂವು ಕಟ್ಟಿದ ಮೇಲೆ ಬೇವಿನೆಣ್ಣೆಯೂ ಬೇಡ. ಆ ಅಂಟು ಹೂವಿನ ಮೇಲೆ ಏನು ಬಿದ್ದರೂ ಅಲ್ಲೇ ಕೂರುತ್ತದೆ, ತೊಳೆದರೂ ಹೋಗುವುದಿಲ್ಲ.

ಇನ್ನೊಂದು ಮಾತು ಇಲ್ಲಿನ ಓದುಗರಿಗೆ. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಒಂದು ಮನೆಗೆ ನಾಲ್ಕು ಗಿಡದವರೆಗೆ ಬೆಳೆಸಲು ಅವಕಾಶ ಇದೆ. ಅಲ್ಲೂ ಕ್ವಿಬೆಕ್ ಪ್ರಾಂತ್ಯ ಇದನ್ನು ಒಪ್ಪಿಲ್ಲ. ನಮ್ಮಲ್ಲಿ 1985ರ ಎನ್‌ಡಿಪಿಎಸ್ ಅನ್ನುವ ಮಾದಕ ವಸ್ತು ತಡೆ ಕಾಯ್ದೆ ಪ್ರಕಾರ ಮನೆಯಲ್ಲಿ ಒಂದು ಗಿಡ ಬೆಳೆಸಿದರೂ ಅಪರಾಧ. ಹಾಗಾಗಿ ನಾನು ಈ ಗಿಡ ಬೆಳೆಸಿದವಳಲ್ಲ. ಆದರೆ ತಿಪಟೂರಿನ ಹತ್ತಿರ ನರ್ಸರಿ ನಡೆಸುವವಳು. ಕೊಕೊಪೀಟ್‌ನಲ್ಲೇ ಟೊಮೆಟೊ, ದಪ್ಪ ಮೆಣಸಿನಕಾಯಿ ಸಸಿ ಎಬ್ಬಿಸುತ್ತೇನೆ, ಪಾಲಿಹೌಸಿನವರ ಗಿಡಗಳ ಎಲೆ ನೋಡಿ ಹೇಳುತ್ತೇನೆ. ನಿಮ್ಮ ಫೋಟೊ ನೋಡಿದ ಕೂಡಲೇ ಆ ದಪ್ಪ ಮೆಣಸಿನಕಾಯಿ ಗಿಡಗಳೇ ಕಣ್ಣಮುಂದೆ ಬಂದವು.

ಈಗ ಎಲೆಗೆ ಬರೋಣ. ಚುಕ್ಕೆ ಹೇಗಿದೆ ಅನ್ನುವುದಕ್ಕಿಂತ ಮೊದಲು, ಚುಕ್ಕೆ ಯಾವ ಎಲೆಯಲ್ಲಿದೆ ಅಂತ ನೋಡಬೇಕು. ಗಿಡಕ್ಕೆ ಮೆಗ್ನೀಸಿಯಂ ಅಥವಾ ಪೊಟ್ಯಾಷ್ ಕಮ್ಮಿ ಆದರೆ ಅದು ಹಳೇ ಎಲೆಯಿಂದ ಎಳೆದು ಹೊಸ ಎಲೆಗೆ ಕೊಡುತ್ತದೆ. ಆಗ ಕೆಳಗಿನ ಎಲೆ ಮೊದಲು ಕೆಡುತ್ತದೆ. ಮೆಗ್ನೀಸಿಯಂ ಆದರೆ ನರ ಹಸಿರಾಗಿಯೇ ಇದ್ದು ನಡುವೆ ಹಳದಿಯಾಗುತ್ತದೆ. ಪೊಟ್ಯಾಷ್ ಆದರೆ ಅಂಚು ಸುಟ್ಟಂತಾಗುತ್ತದೆ. ಕ್ಯಾಲ್ಸಿಯಂ ಹಾಗಲ್ಲ. ಒಂದು ಸಲ ಎಲೆಯಲ್ಲಿ ಕೂತರೆ ಅಲ್ಲಿಂದ ಏಳುವುದಿಲ್ಲ. ಅದು ಕಮ್ಮಿ ಬಿದ್ದ ದಿನಗಳಲ್ಲಿ ಯಾವ ಎಲೆ ಬೆಳೆಯುತ್ತಿತ್ತೋ ಆ ಎಲೆಯಲ್ಲೇ ಕಲೆ. ನಿಮ್ಮ ಗಿಡದಲ್ಲಿ ಆಗಿರುವುದು ಅದೇ. ಹೂವು ಬರಲೆಂದು ದೀಪ ಉರಿಸುವ ಹೊತ್ತನ್ನು ದಿನಕ್ಕೆ ಹನ್ನೆರಡು ಗಂಟೆಗೆ ಇಳಿಸಿದ ಮೇಲೆ ಗಿಡ ಸರಸರ ಎತ್ತರ ಹೋಗಿರುತ್ತದೆ. ಆಗ ಬಿಚ್ಚಿಕೊಂಡ ಎಲೆಗಳೇ ಈಗ ನಡುವಿನ, ಮೇಲಿನ ಎಲೆಗಳು.

ಚುಕ್ಕೆಯ ಆಕಾರವೂ ಇದನ್ನೇ ಹೇಳುತ್ತಿದೆ. ಫೋಟೊ ದೊಡ್ಡದು ಮಾಡಿ ನೋಡಿದೆ. ಚುಕ್ಕೆಗಳು ದುಂಡಗಿಲ್ಲ. ಒಂದು ಎಳ್ಳಿನಷ್ಟು, ಒಂದು ಹೆಸರುಕಾಳಿನಷ್ಟು, ಕೆಲವು ಒಂದಕ್ಕೊಂದು ಅಂಟಿಕೊಂಡು ಅಡ್ಡಾದಿಡ್ಡಿಯಾಗಿವೆ. ನರದ ನಡುವೆ ಮತ್ತು ಅಂಚಿನ ಹತ್ತಿರ ಜಾಸ್ತಿ. ಸುತ್ತ ಹಳದಿ ಬಳೆ ಇಲ್ಲ. ಸೆಪ್ಟೋರಿಯಾ ಅನ್ನುವ ಎಲೆಚುಕ್ಕೆ ರೋಗ ಈ ಗಿಡಕ್ಕೂ ಬರುತ್ತದೆ, ಆದರೆ ಅದು ಕೆಳಗಿನ ಎಲೆಯಿಂದ ಹತ್ತುತ್ತದೆ. ಚುಕ್ಕೆಯ ಸುತ್ತ ಹಳದಿ ಇರುತ್ತದೆ, ನಡುವೆ ಸೂಜಿಮೊನೆಯಷ್ಟು ಕಪ್ಪು ಕಾಳು ಕಾಣುತ್ತವೆ. ಮಳೆ ಬೀಳುವ ಬಯಲಿನಲ್ಲಿ ಅದರ ಕಾಟ ಹೆಚ್ಚು, ಟೆಂಟಿನೊಳಗೆ ಅಪರೂಪ. ಆದರೂ ಒಂದು ಭೂತಗನ್ನಡಿ ಹಿಡಿದು ಎಲೆಯ ಬೆನ್ನು ನೋಡಿಬಿಡಿ. ಫೋಟೊದಲ್ಲಿ ಬೆನ್ನು ಕಾಣುವುದಿಲ್ಲ. ನವಿರಾದ ಬಲೆ, ಓಡಾಡುವ ಚುಕ್ಕೆಯಂಥ ಜೀವಿ ಇದ್ದರೆ ನುಸಿ. ಬೆಳ್ಳಿ ಉಜ್ಜಿದಂಥ ಗೆರೆ, ಪಕ್ಕದಲ್ಲಿ ಕಪ್ಪು ಹಿಕ್ಕೆ ಇದ್ದರೆ ಥ್ರಿಪ್ಸ್ ಅನ್ನುವ ಕೀಟ. ದೀಪಕ್ಕೆ ತೀರಾ ಹತ್ತಿರದ ತುದಿ ಎಲೆ ಮಾತ್ರ ಬಿಳಿಚಿಕೊಂಡಿದ್ದರೆ ಬೆಳಕು ಜಾಸ್ತಿ ಆಯಿತು ಅಂತ ಅರ್ಥ. ಇವು ಯಾವುವೂ ಇಲ್ಲ ಅಂದರೆ ಕ್ಯಾಲ್ಸಿಯಂ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈಗ ಕೇಳಬೇಕಾದ್ದು, ಗೊಬ್ಬರ ಕೊಡುತ್ತಿದ್ದರೂ ಕ್ಯಾಲ್ಸಿಯಂ ಯಾಕೆ ಸಾಲಲಿಲ್ಲ ಅಂತ. ನಿಮ್ಮ ಕಾಗದದಲ್ಲೇ ನಾಲ್ಕು ಕಾರಣ ಇವೆ.

ಒಂದು, ಆರ್‌ಒ ನೀರು. ನಿಮ್ಮ ಊರಿನ ನಲ್ಲಿಯಲ್ಲಿ ಬರುವುದು ಒಂಟಾರಿಯೊ ಸರೋವರದ ನೀರು. ಅದರಲ್ಲಿ ಲೀಟರಿಗೆ ಸುಮಾರು 35 ಮಿಲಿಗ್ರಾಂ ಕ್ಯಾಲ್ಸಿಯಂ ತಾನಾಗೇ ಇರುತ್ತದೆ. ಫಿಲ್ಟರ್ ಅದನ್ನು ಹೆಚ್ಚುಕಮ್ಮಿ ಪೂರ್ತಿ ತೆಗೆದು ಚರಂಡಿಗೆ ಬಿಡುತ್ತಿದೆ.

ಎರಡು, ಕೊಕೊಪೀಟ್. ಇದು ನನ್ನ ದಿನದ ಕೆಲಸ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ತೆಂಗಿನ ನಾರಿನ ಪುಡಿಯ ಮೈತುಂಬ ಪೊಟ್ಯಾಷ್ ಮತ್ತು ಸೋಡಿಯಂ ಅಂಟಿಕೊಂಡಿರುತ್ತದೆ. ನೀವು ಕ್ಯಾಲ್ಸಿಯಂ ಕೊಟ್ಟರೆ ಪುಡಿ ಅದನ್ನು ತಾನು ಹಿಡಿದಿಟ್ಟುಕೊಂಡು, ಬದಲಿಗೆ ಪೊಟ್ಯಾಷ್ ಬಿಡುತ್ತದೆ. ಬೇರಿಗೆ ಸಿಗುವುದು ಉಳಿದದ್ದು. ಮೆಗ್ನೀಸಿಯಂಗೂ ಇದೇ ಗತಿ. ಒಳ್ಳೇ ತಯಾರಕರು ಪುಡಿಯನ್ನು ಕ್ಯಾಲ್ಸಿಯಂ ನೈಟ್ರೇಟ್ ನೀರಿನಲ್ಲಿ ನೆನೆಸಿ, ತೊಳೆದು, ಒಣಗಿಸಿ ಇಟ್ಟಿಗೆ ಒತ್ತುತ್ತಾರೆ. ಅಗ್ಗದ ಇಟ್ಟಿಗೆಯಲ್ಲಿ ಈ ಕೆಲಸ ನಡೆದಿರುವುದಿಲ್ಲ. ನಿಮ್ಮ ಪ್ಯಾಕೆಟ್ ಮೇಲೆ ‘ಬಫರ್ಡ್’ ಅಂತ ಇದೆಯಾ ನೋಡಿ.

ಮೂರು, ಆ ಬೂಸ್ಟರ್. ಅದರಲ್ಲಿ ಇರುವುದು ಹೆಚ್ಚಾಗಿ ರಂಜಕ, ಪೊಟ್ಯಾಷ್. ಬೇರಿನ ಬಾಗಿಲಲ್ಲಿ ಪೊಟ್ಯಾಷ್ ನುಗ್ಗಲು ಶುರುಮಾಡಿದರೆ ಕ್ಯಾಲ್ಸಿಯಂ ಹಿಂದೆ ಉಳಿಯುತ್ತದೆ. ನೀವು ಬೂಸ್ಟರ್ ಶುರುಮಾಡಿದ್ದು ಮೂರನೇ ವಾರ, ಚುಕ್ಕೆ ಕಂಡಿದ್ದು ಐದನೇ ವಾರ. ಇದು ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ. ಹೂವು ಬಂದ ತಕ್ಷಣ ಇನ್ನೊಂದು ಬಾಟಲಿ ಸುರಿಯುವ ಅಭ್ಯಾಸ ನಮ್ಮ ತರಕಾರಿ ಬೆಳೆಗಾರರಲ್ಲೂ ಇದೆ, ನೋಡಿದಾಗಲೆಲ್ಲ ಬೇಜಾರಾಗುತ್ತದೆ. ಮಾಮೂಲಿ ಗೊಬ್ಬರದಲ್ಲೇ ಹೂವಿಗೆ ಬೇಕಾದ್ದು ಇರುತ್ತದೆ.

ನಾಲ್ಕನೆಯದು ದೀಪ. ಹಳೇ ಸೋಡಿಯಂ ದೀಪ ಎಲೆಯನ್ನು ಬಿಸಿ ಮಾಡುತ್ತಿತ್ತು. ಎಲ್‌ಇಡಿಯಲ್ಲಿ ಎಲೆ ತಂಪಾಗಿರುತ್ತದೆ, ಹಾಗಾಗಿ ಕಮ್ಮಿ ಬೆವರುತ್ತದೆ. ಕ್ಯಾಲ್ಸಿಯಂ ಮೇಲೆ ಹೋಗುವುದೇ ಆ ನೀರಿನ ಓಟದ ಜೊತೆ. ಬೇಸ್‌ಮೆಂಟ್ ಬೇರೆ, ತಂಪು ಜಾಸ್ತಿ ಅಲ್ವಾ? ದೀಪ ಉರಿಯುವಾಗ ಟೆಂಟಿನೊಳಗೆ 26ರಿಂದ 28 ಡಿಗ್ರಿ ಇರಲಿ. ಎಲೆ ಸ್ವಲ್ಪ ಅಲ್ಲಾಡುವಷ್ಟು ಫ್ಯಾನ್ ಗಾಳಿ ಇರಲಿ. ತೇವಾಂಶ ಶೇಕಡ 50 ದಾಟದಿರಲಿ, ದಾಟಿದರೆ ಹೂವಿನ ಒಳಗೆ ಬೂದು ಕೊಳೆ ಹಿಡಿಯುವ ಭಯ.

ಮಾಡಬೇಕಾದ್ದು ಇಷ್ಟು. ಬೂಸ್ಟರ್ ಇವತ್ತೇ ನಿಲ್ಲಿಸಿ. ನಾಳೆ ನೀರು ಹಾಕುವಾಗ ಕುಂಡದ ಕೆಳಗೆ ತಟ್ಟೆ ಇಟ್ಟು, ಹೊರಬಂದ ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) ಮತ್ತು ಇಸಿ (ಕರಗಿದ ಉಪ್ಪಿನ ಅಳತೆ) ನೋಡಿ. ಕೊಕೊಪೀಟ್‌ಗೆ ಪಿಎಚ್ 5.8ರಿಂದ 6.2 ಹಿತ. ಹೊರಬಂದ ನೀರಿನ ಇಸಿ ನೀವು ಕೊಟ್ಟದ್ದಕ್ಕಿಂತ ತುಂಬ ಹೆಚ್ಚಿದ್ದರೆ ಒಳಗೆ ಉಪ್ಪು ಕೂತಿದೆ. ತೊಳೆಯಬೇಕು. ಆದರೆ ಬರೀ ಆರ್‌ಒ ನೀರಿನಲ್ಲಿ ತೊಳೆಯಬೇಡಿ, ಇದ್ದ ಕ್ಯಾಲ್ಸಿಯಂ ಕೂಡ ಹೋಗುತ್ತದೆ. ತೆಳ್ಳಗೆ ಕಲಸಿದ ಗೊಬ್ಬರದ ನೀರಿನಲ್ಲೇ ತೊಳೆಯಿರಿ.

ಆಮೇಲೆ ಫಿಲ್ಟರ್ ಬಿಟ್ಟು ನಲ್ಲಿ ನೀರಿಗೇ ಬನ್ನಿ. ಅದು ಸ್ವಲ್ಪ ಕ್ಷಾರ, ಹಾಗಾಗಿ ಗೊಬ್ಬರ ಕಲಸಿದ ಮೇಲೆ ಪಿಎಚ್ ಇಳಿಸಿಕೊಳ್ಳಿ. ಆರ್‌ಒ ನೀರೇ ಬೇಕು ಅನ್ನುವುದಾದರೆ, ಕ್ಯಾಲ್ಸಿಯಂ ಮೆಗ್ನೀಸಿಯಂ ಇರುವ ಕ್ಯಾಲ್‌ಮ್ಯಾಗ್ ದ್ರಾವಣವನ್ನು ಮೊದಲು ಹಾಕಿ, ಇಸಿ 0.4ಕ್ಕೆ ತಂದು, ಆಮೇಲೆ ಗೊಬ್ಬರ ಬೆರೆಸಿ. ಎರಡು ಗೊಬ್ಬರದ ಗಟ್ಟಿ ದ್ರಾವಣಗಳನ್ನು ನೇರ ಒಂದಕ್ಕೊಂದು ಸುರಿಯಬೇಡಿ. ಒಂದರಲ್ಲಿರುವ ಕ್ಯಾಲ್ಸಿಯಂ ಇನ್ನೊಂದರಲ್ಲಿರುವ ಸಲ್ಫೇಟ್ ಜೊತೆ ಸೇರಿ ಸುಣ್ಣದ ಪುಡಿಯಂತೆ ತಳ ಸೇರುತ್ತದೆ, ಗಿಡಕ್ಕೆ ಸಿಗುವುದಿಲ್ಲ.

ಬಂದ ಚುಕ್ಕೆ ಮತ್ತೆ ಹಸಿರಾಗುವುದಿಲ್ಲ. ಅದನ್ನು ನೋಡಿ ಗಾಬರಿಯಾಗಿ ಇನ್ನಷ್ಟು ಸುರಿಯಬೇಡಿ. ಐದನೇ ವಾರದಲ್ಲಿ ಹೊಸ ಎಲೆಯೂ ಹೆಚ್ಚು ಬರುವುದಿಲ್ಲ, ಹಾಗಾದರೆ ಗುಣ ಆಗಿದೆಯೋ ಇಲ್ಲವೋ ಗೊತ್ತಾಗುವುದು ಹೇಗೆ? ಮೂರು ಎಲೆ ಆರಿಸಿಕೊಳ್ಳಿ. ತೊಟ್ಟಿಗೆ ಒಂದೊಂದು ಬಣ್ಣದ ದಾರ ಸಡಿಲವಾಗಿ ಕಟ್ಟಿ. ಎರಡು ದಿನಕ್ಕೊಮ್ಮೆ ಅವುಗಳದ್ದೇ ಫೋಟೊ ತೆಗೆಯಿರಿ. ವಾರ, ಹತ್ತು ದಿನದಲ್ಲಿ ಚುಕ್ಕೆ ಹರಡುವುದು ನಿಂತರೆ ನೀವು ಗೆದ್ದಿರಿ. ಅರ್ಧಕ್ಕಿಂತ ಹೆಚ್ಚು ಒಣಗಿದ ಎಲೆ ಮಾತ್ರ ಕೀಳಿ, ಉಳಿದವು ಇನ್ನೂ ಹೂವಿಗೆ ಊಟ ಕೊಡುತ್ತಿವೆ. ಕೊನೆಯ ವಾರಗಳಲ್ಲಿ ಕೆಳಗಿನ ದೊಡ್ಡ ಎಲೆ ಹಳದಿಯಾದರೆ ಅದು ವಯಸ್ಸು, ರೋಗ ಅಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಟೆಂಟಿಗೂ ಕೋಣೆಗೂ ಬೀಗ ಇರಲಿ.

ಪ್ರಶ್ನೆ: ಬಾಲ್ಕನಿಯ ಟೊಮೆಟೊ ಗಿಡ ಹೂವಿಗೆ ಬಂದಿದೆ. ಕೆಳಗಿನ ಎಲೆಗಳಲ್ಲಿ ಕಂದು ಚುಕ್ಕೆ, ಚುಕ್ಕೆಯೊಳಗೆ ಉಂಗುರ ಉಂಗುರ. ಇದೂ ಕ್ಯಾಲ್ಸಿಯಂ ಕೊರತೆಯಾ?
— ಗೃಹಿಣಿ, ಬೆಂಗಳೂರು

ಉತ್ತರ: ಅಲ್ಲಮ್ಮ. ಕೆಳಗಿನ ಎಲೆ, ಒಂದರೊಳಗೊಂದು ಉಂಗುರ, ಇದು ಆಲ್ಟರ್ನೇರಿಯಾ ಶಿಲೀಂಧ್ರದ ಅಂಗಮಾರಿ. ಕೆಟ್ಟ ಎಲೆಗಳನ್ನು ಒಣಗಿದ ಹೊತ್ತಿನಲ್ಲಿ ಕತ್ತರಿಸಿ ಕಸಕ್ಕೆ ಹಾಕಿ, ಕುಂಡದ ಮಣ್ಣಿಗೆ ಅಲ್ಲ. ಮಣ್ಣಿನಿಂದ ಒಂದು ಗೇಣು ಎತ್ತರದವರೆಗೆ ಎಲೆ ಇಲ್ಲದಂತೆ ನೋಡಿಕೊಳ್ಳಿ. ನೀರು ಬುಡಕ್ಕೆ ಹಾಕಿ, ಎಲೆ ಮೇಲೆ ಚಿಮುಕಿಸಬೇಡಿ. ನಾಲ್ಕಾರು ಗಿಡಕ್ಕೆ ಇಷ್ಟರಲ್ಲೇ ಹತೋಟಿಗೆ ಬರುತ್ತದೆ. ಮುಂದಿನ ಸಲ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಅರ್ಕಾ ರಕ್ಷಕ್ ಹಾಕಿ. ಎಲೆ ಮುಟುರು, ಬ್ಯಾಕ್ಟೀರಿಯಾ ಸೊರಗು, ಈ ಅಂಗಮಾರಿ ಮೂರನ್ನೂ ತಡೆಯುವ ತಳಿ. ನಿಮ್ಮ ಗಿಡಕ್ಕೆ ಕ್ಯಾಲ್ಸಿಯಂ ಕಮ್ಮಿಯಾದರೆ ಅದು ಹೆಚ್ಚಾಗಿ ಕಾಯಿಯಲ್ಲಿ ಕಾಣುತ್ತದೆ, ಕಾಯಿಯ ತುದಿ ಕಪ್ಪಾಗಿ ಒಳಗೆ ಇಳಿಯುತ್ತದೆ.

ಪ್ರಶ್ನೆ: ನಮ್ಮ ತೋಟದ ತೆಂಗಿನ ನಾರಿನ ಪುಡಿಯನ್ನೇ ಕುಂಡಕ್ಕೆ ತುಂಬಬಹುದಾ?
— ಕೃಷಿಕ, ಅರಸೀಕೆರೆ

ಉತ್ತರ: ಹಸಿಯಾಗಿ ಬೇಡ. ಒಳ್ಳೇ ನೀರಿನಲ್ಲಿ ನೆನೆಸಿ, ಬಸಿದು, ಕಾಫಿ ಬಣ್ಣ ತಿಳಿಯಾಗುವವರೆಗೆ ತೊಳೆಯಿರಿ. ಬೋರ್‌ವೆಲ್ ನೀರು ಉಪ್ಪಾಗಿದ್ದರೆ ಮಳೆ ನೀರು ಬಳಸಿ. ಕೊನೆಗೆ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ಒಂದು ರಾತ್ರಿ ಬಿಟ್ಟು, ಮತ್ತೊಮ್ಮೆ ತೊಳೆದರೆ ಪುಡಿ ಸಿದ್ಧ. ಸಸಿ ನೆಡುವ ಮೊದಲು ಒಂದು ಹಿಡಿ ಪುಡಿಯಲ್ಲಿ ನಾಲ್ಕು ಹುರುಳಿ ಬಿತ್ತಿ ನೋಡಿ. ಮೊಳಕೆ ನೆಟ್ಟಗೆ ಬಂದು ಎಲೆ ಅಂಚು ಸುಡದಿದ್ದರೆ ಕುಂಡ ತುಂಬಿ.